ಇಪ್ಪತ್ತು ಬಾಟಲಿ ಡೀಸೆಲ್ ಮದ್ದು, ಎರಡು ನಾಜಲ್

ಕೊಟ್ಟಿಗೆಯ ಹಲಗೆಯ ಮೇಲೆ ಡೀಸೆಲ್‌ಗೆ ಬೆರೆಸುವ ಮದ್ದಿನ ಇಪ್ಪತ್ತು ಖಾಲಿ ಬಾಟಲಿಗಳಿದ್ದವು. ಈಗ ಹದಿನಾಲ್ಕು ಉಳಿದಿವೆ. ಮಿಕ್ಕ ಆರನ್ನು ಮನೆಯವಳು ಅರ್ಧಕ್ಕೆ ಕತ್ತರಿಸಿ, ಸೀಗೆಪುಡಿ ಹಾಕಿ ತೊಳೆದು, ಡೇರೆ ಹೂವಿನ ಕಡ್ಡಿ ಊರಿದ್ದಾಳೆ. ಬಾಟಲಿಗೆ ನಾನೂರರಂತೆ ಎಂಟು ಸಾವಿರ ರೂಪಾಯಿ ಸುರಿದದ್ದಕ್ಕೆ ಕಣ್ಣಿಗೆ ಕಾಣುವ ಫಲ ಆ ಹೂವುಗಳೊಂದೇ ಎಂಬುದು ಅವಳ ತೀರ್ಪು. ನಾನು ಅಷ್ಟು ನಿಷ್ಠುರವಾಗಿ ಹೇಳಲಾರೆ. ಆದರೆ ಅವಳ ಮಾತಿಗೆ ಎದುರಾಡಲೂ ನನ್ನ ಹತ್ತಿರ ಹೆಚ್ಚಿನ ಸಾಮಗ್ರಿ ಇಲ್ಲ.

ನಮ್ಮ ಮನೆ ಶರಾವತಿ ಹಿನ್ನೀರಿನ ಈಚೆ ದಡದಲ್ಲಿದೆ, ಎರಡೂವರೆ ಎಕರೆ ಅಡಿಕೆ ತೋಟ ಆಚೆ ದಡದಲ್ಲಿ, ಕರೂರು ಹೋಬಳಿಯ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ನಡುವಿನ ಗದ್ದೆಯೆಲ್ಲ ನೀರಿನ ಪಾಲಾಗಿ, ಗುಡ್ಡದ ಬುಡದ ತೋಟ ಮಾತ್ರ ಉಳಿಯಿತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಊರವರೆಲ್ಲ "ಇನ್ನು ದೋಣಿ ಮಾರಿಬಿಡಿ" ಎಂದರು. ಸೇತುವೆ ದಾಟಿ ಸುತ್ತಿ ಬಂದರೂ ನನ್ನ ತೋಟಕ್ಕೆ ಕೊನೆಯ ಮೂರು ಕಿಲೋಮೀಟರ್ ಕಾಲುದಾರಿಯೇ. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮನ್ನು ತಲೆಯ ಮೇಲೆ ಹೊರುವವರು ಯಾರು? ಹೀಗಾಗಿ ದೋಣಿ ಇದೆ. ದೋಣಿಯಲ್ಲಿ ಎರಡು ಸಿಲಿಂಡರಿನ ಹಳೆಯ ಡೀಸೆಲ್ ಎಂಜಿನ್ ಇದೆ, ತಿಂಗಳಿಗೆ ಐವತ್ತು ಲೀಟರ್ ಕುಡಿಯುತ್ತದೆ.

ಹಿಂದೊಂದು ವರ್ಷ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಎಂಜಿನ್ ಕರಿ ಹೊಗೆ ಉಗುಳಲು ಶುರು ಮಾಡಿತು. ಬೆಳಗ್ಗೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ರಟ್ಟೆ ಸೋಲುತ್ತಿತ್ತು. ಹೊತ್ತಿಕೊಂಡ ಮೇಲೂ ಒಂದು ಸಿಲಿಂಡರ್ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟಿದ ಹಾಗೆ ಟಕಟಕ ಎನ್ನುತ್ತಿತ್ತು. ಬಿಡಿಭಾಗದ ಅಂಗಡಿಯವರು ಈ ಮದ್ದಿನ ಬಾಟಲಿ ಕೊಟ್ಟರು. ಐವತ್ತು ಲೀಟರಿಗೆ ಒಂದು ಬಾಟಲಿ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚುವುದೇ ಬೇಡ, ಒಳಗಿನ ಮಸಿಯೆಲ್ಲ ಕರಗಿ ಹೋಗುತ್ತದೆ ಎಂದರು. 2020ರ ಏಪ್ರಿಲ್‌ನಿಂದ ಬರುವ, ಹೊಸ ಹೊಗೆ ನಿಯಮದ ಬಿಎಸ್-6 ಡೀಸೆಲ್‌ನಲ್ಲಿ ಗಂಧಕವೇ ಇಲ್ಲ, ಹಳೆಯ ಪಂಪುಗಳಿಗೆ ಜಾರುವಿಕೆ ಸಾಲುವುದಿಲ್ಲ ಎಂದೂ ಸೇರಿಸಿದರು. ಮೊದಲರ್ಧ ಹೆಚ್ಚುಕಡಿಮೆ ನಿಜ. ಹತ್ತು ಲಕ್ಷದಲ್ಲಿ ಐವತ್ತು ಪಾಲು ಇದ್ದ ಗಂಧಕ ಹತ್ತು ಪಾಲಿಗೆ ಇಳಿದಿದೆ. ಗಂಧಕ ತೆಗೆಯುವಾಗ ಹೋಗುವ ಜಾರುವಿಕೆಯನ್ನು ತೈಲ ಕಂಪನಿಗಳೇ ಬೇರೆ ರಾಸಾಯನಿಕ ಬೆರೆಸಿ ಸರಿದೂಗಿಸುತ್ತವೆ ಎಂಬುದು ನನಗೆ ತಿಳಿದದ್ದು ಆಮೇಲೆ, ಹನ್ನೆರಡನೆಯ ಬಾಟಲಿಯ ಹೊತ್ತಿಗೆ.

ಮೊದಲ ತಿಂಗಳು ಹೊಗೆ ಕಡಿಮೆಯಾದಂತೆ ಕಂಡಿತು. ಬಹಳ ಸಂತೋಷಪಟ್ಟೆ. ಅದೇ ವಾರ ಡೀಸೆಲ್ ಫಿಲ್ಟರನ್ನೂ ಬದಲಿಸಿದ್ದೆ ಎಂಬುದನ್ನು ಸಂತೋಷದ ಭರದಲ್ಲಿ ಮರೆತುಬಿಟ್ಟಿದ್ದೆ.

ಎರಡನೆಯ ತಿಂಗಳಲ್ಲಿ ಕುಟ್ಟಾಣಿ ಸದ್ದು ಮತ್ತೆ ಬಂತು. ಎರಡೂ ಇಂಜೆಕ್ಟರ್ ಬಿಚ್ಚಿ, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಶಿವಮೊಗ್ಗದ ಬಸ್ ಹತ್ತಿದೆ. ಡೀಸೆಲ್ ಪಂಪ್ ರಿಪೇರಿ ಮಾಡುವ ಒಬ್ಬ ಹಿರಿಯರು ಅವನ್ನು ಒಂದೊಂದಾಗಿ ಪರೀಕ್ಷೆಯ ಯಂತ್ರಕ್ಕೆ ಸಿಕ್ಕಿಸಿದರು. ಯಂತ್ರವೆಂದರೆ ಏನಿಲ್ಲ, ಬೋರ್‌ವೆಲ್ಲಿನ ಕೈಪಂಪಿನ ಮರಿಯಂಥ ಒಂದು ಸನ್ನೆ, ಒತ್ತಡ ತೋರಿಸುವ ಒಂದು ಗಡಿಯಾರದಂಥ ಮಾಪಕ. ಸನ್ನೆ ಒತ್ತಿದರೆ ಮುಳ್ಳು ಏರುತ್ತದೆ. ಇಂಜೆಕ್ಟರಿನ ತುದಿಯ ನಾಜಲ್ ಒಳ್ಳೆಯದಾದರೆ ಇನ್ನೂರರ ಹತ್ತಿರ ಕರ್ರ್ ಎಂದು ಕೂಗಿ, ಹಿಮದಂಥ ಮಂಜು ಉಗುಳುತ್ತದೆ. ಉಗುಳಿದ ಮೇಲೆ ಮೂತಿ ಒಣಗಿರುತ್ತದೆ. ನನ್ನದರಲ್ಲಿ ಒಂದು ನೂರ ಅರವತ್ತೈದಕ್ಕೇ ಬಾಯಿ ಬಿಟ್ಟಿತು, ಇನ್ನೊಂದು ನೂರ ಎಂಬತ್ತಕ್ಕೆ. ಎರಡೂ ಕೂಗಲಿಲ್ಲ. ಎರಡರ ಮೂತಿಯಲ್ಲೂ ನೆಗಡಿಯಾದ ಮಗುವಿನ ಮೂಗಿನ ಹಾಗೆ ಒಂದು ಹನಿ ತೂಗಾಡುತ್ತಿತ್ತು. ಆ ಹನಿಯೇ ಕರಿ ಹೊಗೆ, ಅದೇ ಕುಟ್ಟಾಣಿ ಎಂದರು ಹಿರಿಯರು.

ಅಲ್ಲಿ ನನಗೊಂದು ಹಟ ಬಂತು. ಹೆಚ್ಚು ಕೆಟ್ಟದ್ದನ್ನು ಬಿಚ್ಚಿ ಸರಿಮಾಡಿ, ಇನ್ನೊಂದನ್ನು ಮುಟ್ಟಬೇಡಿ, ಅದನ್ನು ಮದ್ದಿಗೇ ಬಿಡೋಣ ಎಂದೆ. ಅವರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಕೆಟ್ಟದ್ದನ್ನು ಬಿಚ್ಚಿ, ಹಿತ್ತಾಳೆಯ ಬ್ರಷ್ಷಿನಲ್ಲಿ ಮಸಿ ಉಜ್ಜಿ, ಸೂಜಿಯನ್ನು ಕೂರುವ ಜಾಗಕ್ಕೆ ಅರೆದು, ಸ್ಪ್ರಿಂಗಿನ ಕೆಳಗೆ ಕಾಗದದಷ್ಟು ತೆಳುವಾದ ಒಂದು ಬಿಲ್ಲೆ ಇಟ್ಟು ಇನ್ನೂರಕ್ಕೆ ತಂದರು. ಮುನ್ನೂರು ರೂಪಾಯಿ. ಅಂದರೆ ಮದ್ದಿನ ಒಂದು ಬಾಟಲಿಗಿಂತ ನೂರು ಕಡಿಮೆ.

ಮುಂದಿನ ಹತ್ತು ತಿಂಗಳು, ಹತ್ತು ಬಾಟಲಿ, ಒಂದು ಲೀಟರೂ ತಪ್ಪಿಸದೆ ಹಾಕಿದೆ. ಮತ್ತೆ ಬಿಚ್ಚಿ ಶಿವಮೊಗ್ಗಕ್ಕೆ ಒಯ್ದೆ. ಉಜ್ಜಿಸಿಕೊಂಡದ್ದು ನೂರ ತೊಂಬತ್ತೈದಕ್ಕೆ ಕೂಗಿತು. ಮದ್ದಿಗೆ ಬಿಟ್ಟದ್ದು ನೂರ ಎಂಬತ್ತರಿಂದ ನೂರ ಎಪ್ಪತ್ತಕ್ಕೆ ಇಳಿದಿತ್ತು, ಹನಿಯೂ ಹಾಗೇ ಇತ್ತು. ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಸೋತ ಸ್ಪ್ರಿಂಗಿಗೆ ಯಾವ ದ್ರವ ಬಿಗಿ ತಂದೀತು? ಸವೆದ ಸೂಜಿಯನ್ನು ಯಾವ ಮಾರ್ಜಕ ಬೆಳೆಸೀತು? ಇಂಥ ಮದ್ದುಗಳೊಳಗೆ ಇರುವುದು ಮುಖ್ಯವಾಗಿ ಮಾರ್ಜಕ, ಎಂದರೆ ಸಾಬೂನಿನ ದೂರದ ನೆಂಟ. ಅದು ಹೊಸ ಅಂಟು ಕೂರದಂತೆ ತಡೆಯುತ್ತದೆ, ಸುಟ್ಟು ಕಲ್ಲಾದ ಮಸಿಯ ಮುಂದೆ ಕೈ ಚೆಲ್ಲುತ್ತದೆ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್ಡೋ ಹೊಡೆಯಬೇಕಾದದ್ದು ಮಳೆ ಹಿಡಿಯುವ ಮುಂಚೆ. ಕೊಳೆ ತಗುಲಿ ಉದುರಿದ ಕಾಯಿಗೆ ಹೊಡೆದರೆ ಅದೇನು ಮರಳಿ ಮರ ಹತ್ತುತ್ತದೆಯೇ?

ನ್ಯಾಯಕ್ಕಾಗಿ ಇದನ್ನೂ ಹೇಳಬೇಕು. ಮದ್ದಿಗೆ ಬಿಟ್ಟ ನಾಜಲ್ಲಿನ ಮೂತಿಯ ಮೇಲಿನ ಕರಿ ಮೊದಲು ಚಾಕುವಿಗೂ ಬರುತ್ತಿರಲಿಲ್ಲ, ಈ ಬಾರಿ ಉಗುರಿಗೆ ಬಂತು. ಉಜ್ಜಿದ ನಾಜಲ್ ಹತ್ತು ತಿಂಗಳ ನಂತರವೂ ಹೆಚ್ಚುಕಡಿಮೆ ಹೊಸದರಂತೆ ಇದ್ದದ್ದಕ್ಕೆ ಮದ್ದೂ ಕಾರಣವಿರಬಹುದು. ನೂಲಿನಷ್ಟು ಸಣ್ಣ ರಂಧ್ರಗಳ ಹೊಸ ಕಾಮನ್ ರೈಲ್ ಎಂಜಿನ್ನಾದರೆ ಸಣ್ಣ ಅಂಟೂ ದೊಡ್ಡ ತೊಂದರೆಯೇ, ಅಂಥವರಿಗೆ ಮದ್ದಿನ ಲೆಕ್ಕ ಬೇರೆ ಬಂದೀತು. ನನ್ನಂಥ ಹಳೆಯ ಎಂಜಿನ್ನಿನವನಿಗೆ ಐದರಲ್ಲಿ ಎರಡು ಅಂಕ, ಅದೂ ಸ್ವಲ್ಪ ಧಾರಾಳವಾಗಿ.

ಇಷ್ಟಾಗಿದ್ದರೆ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟು ಬಂದದ್ದು ಇನ್ನೊಂದು ಬಾಟಲಿಯ ಮೇಲೆ, ಅದು ಈ ಇಪ್ಪತ್ತರಲ್ಲಿ ಸೇರಿಲ್ಲ.

ನಾನು ಡೀಸೆಲ್ ತರುವುದು ಸಾಗರದಿಂದ, ಕ್ಯಾನುಗಳಲ್ಲಿ. ಆರಿದ್ರಾ ಮಳೆ ಹಿಡಿದರೆ ಇಲ್ಲಿ ಬೆಂಕಿಪೊಟ್ಟಣವೂ ಬೆವರುತ್ತದೆ. ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆ ರಾತ್ರಿ ಬೆವರಿ, ಹನಿ ಕೆಳಗಿಳಿದು, ಡೀಸೆಲ್‌ಗಿಂತ ಭಾರವಾದ್ದರಿಂದ ತಳದಲ್ಲಿ ಕೂರುತ್ತದೆ. ನೀರು ಬೇರ್ಪಡಿಸುವ ಬಟ್ಟಲಿನ ಕೆಳಗೊಂದು ಪುಟ್ಟ ತಿರುಪು ಇದೆ. ಆ ಮಳೆಗಾಲದಲ್ಲಿ ಅದನ್ನು ತಿರುಗಿಸುವುದಕ್ಕೆ ಬೇಸರವಾಗಿ, 'ನೀರು ತೆಗೆಯುವ ಮದ್ದು' ಎಂದು ಬರೆದಿದ್ದ ಬಾಟಲಿಯೊಂದನ್ನು ಟ್ಯಾಂಕಿಗೆ ಸುರಿದೆ. ಮೂರು ದಿನ ಬಿಟ್ಟು ಬಟ್ಟಲು ಬಿಚ್ಚಿದರೆ ಒಂದು ತೊಟ್ಟೂ ನೀರಿಲ್ಲ. ಎಂಥ ಮದ್ದು ಎಂದು ಬೀಗಿದೆ. ನೀರು ಎಲ್ಲಿಗೂ ಹೋಗಿರಲಿಲ್ಲ. ಮಜ್ಜಿಗೆಯಲ್ಲಿ ಬೆಣ್ಣೆ ಅಡಗಿದಂತೆ ಡೀಸೆಲ್‌ನಲ್ಲಿ ಸಣ್ಣ ಸಣ್ಣ ಹನಿಯಾಗಿ ಬೆರೆತು, ಬಟ್ಟಲಿಗೂ ಸಿಗದೆ ಫಿಲ್ಟರಿಗೂ ಸಿಗದೆ, ನೇರ ಪಂಪಿಗೆ ಹೋಗುತ್ತಿತ್ತು. ಭಾದ್ರಪದದ ಹೊತ್ತಿಗೆ ಪಂಪಿನೊಳಗೆ ಡೀಸೆಲ್ ಒತ್ತುವ ದಂಡ, ಪ್ಲಂಜರ್, ತುಕ್ಕು ಹಿಡಿದು ಕಚ್ಚಿಕೊಂಡಿತು. ದೋಣಿ ಹಿನ್ನೀರಿನ ನಡುವೆ ನಿಂತಿತು. ತೋಟದ ಆಳುಗಳಿಬ್ಬರು, ನಾನು, ಒಂದು ಹುಟ್ಟು, ಮೇಲೆ ಜಡಿಮಳೆ. ದಡ ಸೇರಲು ಎರಡು ತಾಸು ಹಿಡಿಯಿತು. ಪಂಪಿನ ಖರ್ಚನ್ನು ಬರೆಯುವುದಿಲ್ಲ, ಮನೆಯವಳಿಗೂ ಪೂರ್ತಿ ಹೇಳಿಲ್ಲ.

ಆವತ್ತಿನಿಂದ ದಿನಾ ಬೆಳಗ್ಗೆ ಕಷಾಯ ಕುಡಿದು ನೇರ ದೋಣಿಗೆ ಹೋಗುತ್ತೇನೆ. ಕೈಯಲ್ಲಿ ಅಪ್ಪೆಮಿಡಿ ಮುಗಿದ ಒಂದು ಗಾಜಿನ ಭರಣಿ. ಬಟ್ಟಲಿನ ಕೆಳಗೆ ಅದನ್ನು ಹಿಡಿದು ತಿರುಪನ್ನು ಅರ್ಧ ಸುತ್ತು ಬಿಡಿಸಿದರೆ ಮೊದಲು ಬರುವುದು ನೀರು, ಬೆನ್ನಿಗೇ ಡೀಸೆಲ್. ಭರಣಿಯನ್ನು ಪೂರ್ವದ ಬೆಳಕಿಗೆ ಎತ್ತಿ ಹಿಡಿಯುತ್ತೇನೆ. ಒಂದು ನಿಮಿಷ ಎರಡೂ ಕಲಸಿಕೊಂಡು ಮಬ್ಬಾಗಿರುತ್ತವೆ, ಆಮೇಲೆ ಯಾರೋ ದಾರ ಹಿಡಿದು ಎಳೆದಂತೆ ನಡುವೆ ಗೆರೆ ಮೂಡುತ್ತದೆ. ಕೆಳಗೆ ತಿಳಿನೀರು, ಮೇಲೆ ಹೊಂಬಣ್ಣದ ಡೀಸೆಲ್. ಈ ಗೆರೆ ನೋಡುವುದರಲ್ಲಿ ಇಷ್ಟು ಸುಖವಿದೆ ಎಂದು ಮೊದಲೇ ತಿಳಿದಿದ್ದರೆ ಎಂಟು ಸಾವಿರ ಉಳಿಯುತ್ತಿತ್ತು. ಕೆಲವು ದಿನ ಗೆರೆಯ ಮೇಲೆ ಕರಿ ಲೋಳೆಯ ತೆಳುಪದರ ಕಾಣುತ್ತದೆ. ಅದು ಮಸಿಯಲ್ಲ, ಜೀವ. ನೀರಿನಲ್ಲಿ ವಾಸ, ಡೀಸೆಲ್‌ನಲ್ಲಿ ಊಟ. ನೀರು ತೆಗೆದರೆ ಅದಕ್ಕೆ ಮನೆಯೇ ಇಲ್ಲ.

ಶಿವಮೊಗ್ಗದ ಹಿರಿಯರು ಇನ್ನೊಂದು ಮಾತು ಹೇಳಿದ್ದರು. ನಿಧಾನಕ್ಕೆ ಗುಡುಗುಡು ಎಂದು ಓಡಿಸಿದಷ್ಟೂ ನಾಜಲ್ಲಿಗೆ ಮಸಿ ಹೆಚ್ಚು, ಎಂಜಿನ್ ಬಿಸಿಯೇರುವುದೇ ಇಲ್ಲ, ಮರಳುವ ದಾರಿಯಲ್ಲಿ ಕೊನೆಯ ಹತ್ತು ನಿಮಿಷ ಚೆನ್ನಾಗಿ ಎಳೆಸಿ ಎಂದು. ಡೀಸೆಲ್ ಲೀಟರಿಗೆ ತೊಂಬತ್ತು ದಾಟಿರುವಾಗ ಕರುಳು ಚುರ್ ಎನ್ನುತ್ತದೆ, ಆದರೂ ಎಳೆಸುತ್ತೇನೆ. ಬೇಸಿಗೆಯಲ್ಲಿ ನೀರು ಇಳಿದು ಮುಳುಗಿದ ಮರಗಳ ಬೊಡ್ಡೆಗಳು ತಲೆ ಎತ್ತಿದಾಗ ಮಾತ್ರ ಅದು ಸಾಧ್ಯವಿಲ್ಲ.

ಮದ್ದನ್ನು ಪೂರ್ತಿ ಬಿಟ್ಟಿದ್ದೇನೆಂದಲ್ಲ. ಎರಡನೆಯ ನಾಜಲ್ಲನ್ನೂ ಮುನ್ನೂರು ಕೊಟ್ಟು ಉಜ್ಜಿಸಿದೆ. ವರ್ಷಕ್ಕೊಂದು ಬಾಟಲಿ, ಮೃಗಶಿರಾ ಮುಗಿಯುವ ಮುಂಚೆ, ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ ಹಾಕುತ್ತೇನೆ, ಬೋರ್ಡೋ ಹೊಡೆಸುವ ವಾರವೇ. ಇಪ್ಪತ್ತೊಂದನೆಯ ಬಾಟಲಿ ಮೊನ್ನೆ ಬಂದಿದೆ, ಮೈಲುತುತ್ತದ ಚೀಲದ ಪಕ್ಕದಲ್ಲಿ ಇಟ್ಟಿದ್ದೇನೆ. ಅದು ಖಾಲಿಯಾಗುವುದು ಯಾವಾಗ ಎಂದು ಮನೆಯವಳು ಆಗಲೇ ಎರಡು ಸಲ ಕೇಳಿದ್ದಾಳೆ. ಬಿಳಿ ಡೇರೆಯ ಕಡ್ಡಿಯೊಂದು ಎಲ್ಲಿಂದಲೋ ಸಿಕ್ಕಿದೆಯಂತೆ.