ಮೂತ್ರ ಕಟ್ಟಿದ್ದಕ್ಕೆ ಆಕ್ಯುಪಂಕ್ಚರ್: ಸೂಜಿ ಹಿಡಿಸಿತು, ಸೆಂಟರ್ ಅಲ್ಲ

ಗರ್ಭಕೋಶದ ಆಪರೇಷನ್ ಆಗಿ ಕ್ಯಾಥೆಟರ್ ತೆಗೆದ ಮೇಲೂ ನನಗೆ ಮೂತ್ರ ಪೂರ್ತಿ ಹೋಗುತ್ತಿರಲಿಲ್ಲ. ಅಡ್ಡ ಏನೂ ಇಲ್ಲ, ಮೂತ್ರಚೀಲದ ನರ ಸೋತಿದೆ ಅಂದರು ಯೂರಾಲಜಿ ಡಾಕ್ಟರು. ಸಣ್ಣ ಟ್ಯೂಬ್ ಹಾಕಿ ನಾನೇ ಮೂತ್ರ ತೆಗೆಯುವುದನ್ನು ಕಲಿಸಿದರು. ಅದರ ಜೊತೆಗೆ, ಅವರನ್ನು ಕೇಳಿಯೇ, ಒಂದು ಸೆಂಟರಿನಲ್ಲಿ ಆಕ್ಯುಪಂಕ್ಚರ್ ಶುರು ಮಾಡಿದೆ. ಚಳಿಗಾಲ ಪೂರ್ತಿ ಹೋಗಿದ್ದೇನೆ.

ಸೂಜಿಗೆ ಹೆದರಬೇಡಿ. ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೆ, ಪ್ರತಿ ಸಲ ಹೊಸ ಪ್ಯಾಕೆಟ್ ಒಡೆಯುತ್ತಾರೆ. ಕಿಬ್ಬೊಟ್ಟೆಗೆ ಹಾಕುವಾಗ ಚೀಲ ತುಂಬಿರಬಾರದು, ಹಾಗಾಗಿ ಮೊದಲು ಬಾತ್‌ರೂಮಿಗೆ ಕಳಿಸುತ್ತಾರೆ.

ನನಗೆ ಹಿಡಿಸಿದ್ದು ಕಾಲಿನ ಸೂಜಿ. ಒಳಬದಿಯ ಹರಡಿನ ಮೇಲೆ ನಾಲ್ಕು ಬೆರಳಿಟ್ಟು ಅಳೆದು, ಮೂಳೆಯ ಹಿಂದೆ ಹಾಕುತ್ತಾರೆ. ಚೀನಿಯರು ಈ ಜಾಗಕ್ಕೆ ಸಾನ್‌ಯಿನ್‌ಜಿಯಾವ್ ಅನ್ನುತ್ತಾರೆ. ನೋವಲ್ಲ, ಪಾದದ ಕಡೆಗೆ ಒಂಥರಾ ಭಾರ, ಜುಮುಜುಮು. ಕ್ಲಿಪ್ ಸಿಕ್ಕಿಸಿ ಸಣ್ಣಗೆ ಕರೆಂಟ್ ಕೊಟ್ಟರೆ ಕಾಲಿನ ಹೆಬ್ಬೆರಳು ತಾನೇ ಮಿಡಿಯುತ್ತದೆ. ಚೀಲದ ತೊಂದರೆಗೆ ಕಾಲಿಗೇಕೆ ಸೂಜಿ ಅಂತ ಯೂರಾಲಜಿ ಡಾಕ್ಟರನ್ನೇ ಕೇಳಿದೆ. ಅಲ್ಲೇ ಹತ್ತಿರ ಟಿಬಿಯಲ್ ನರ ಹಾದುಹೋಗುತ್ತದಂತೆ. ಅದರ ಬೇರು, ಚೀಲದ ನರದ ಬೇರು, ಎರಡೂ ಬೆನ್ನುಹುರಿಯ ತಳದಲ್ಲೇ ಇವೆ. ಅದೇ ನರಕ್ಕೆ ಕರೆಂಟ್ ಕೊಡುವ ಚಿಕಿತ್ಸೆ ಅವರಲ್ಲೂ ಇದೆ ಅಂದರು. ಕೇಳಿ ತುಂಬಾ ಸಮಾಧಾನ ಆಯಿತು.

ಸಿಟ್ಟು ಬಂದದ್ದು ಸೆಂಟರ್ ಮೇಲೆ. ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಯಾರೂ ಕೇಳುವುದೇ ಇಲ್ಲ. 'ಹಗುರ ಅನ್ನಿಸ್ತಾ ಮೇಡಂ?' ಅಷ್ಟೇ. ಸೋತ ಚೀಲಕ್ಕೆ ತುಂಬಿದ್ದೇ ಸರಿಯಾಗಿ ಗೊತ್ತಾಗುವುದಿಲ್ಲ, ಇನ್ನು ಹಗುರ ಅನ್ನಿಸುವುದನ್ನು ನಂಬುವುದು ಹೇಗೆ? ಸಾಲದ್ದಕ್ಕೆ ಟ್ಯೂಬ್ ಬಿಟ್ಟುಬಿಡಿ ಅಂತ ಬೇರೆ ಹೇಳಿದರು. ಮೂತ್ರ ಉಳಿದರೆ ಸೋಂಕು ಆಗುತ್ತದೆ, ಕಿಡ್ನಿಗೂ ಪೆಟ್ಟು ಬೀಳಬಹುದು. ಇದು ಸುಮ್ನೆ ಬಾಯಿಗೆ ಬಂದಂತೆ ಹೇಳುವ ಮಾತಾ? ನಾನು ಬಿಡಲಿಲ್ಲ. ಬಾತ್‌ರೂಮಿನಲ್ಲಿ ಗೆರೆ ಇರುವ ಪ್ಲಾಸ್ಟಿಕ್ ಜಗ್, ಬಾಗಿಲ ಹಿಂದೆ ದಾರ ಕಟ್ಟಿದ ನೋಟ್‌ಬುಕ್. ಬೆಳಿಗ್ಗೆ ಕಾಫಿಗೆ ಮೊದಲು ಅಳೆದು ಬರೆಯುವುದು, ಆಮೇಲೆ ಉಳಿದ ಕೆಲಸ.

ಈಗ ಸ್ಕ್ಯಾನಿನಲ್ಲಿ ಉಳಿಕೆ 100 ಎಂ.ಎಲ್. ಒಳಗೆ ಬಂದಿದೆ. ಟ್ಯೂಬ್ ನಿಲ್ಲಿಸಿ ಅಂತ ಡಾಕ್ಟರೇ ಹೇಳಿದರು. ಪೂರ್ತಿ ಹೆಸರು ಸೂಜಿಗೆ ಕೊಡಲಾರೆ. ಆಪರೇಷನ್ ಆದವರಲ್ಲಿ ಬಹಳ ಜನಕ್ಕೆ ದಿನ ಕಳೆದಂತೆ ತಾನಾಗಿಯೇ ಸರಿಹೋಗುತ್ತದೆ, ಅಲ್ವಾ? ಆದರೆ ಸೂಜಿ ಹಾಕಿಸಿಕೊಂಡ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು, ಅದು ನನಗೆ ದೊಡ್ಡದು.

ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರದ ದಾರಿ ಮುಚ್ಚಿದ್ದರೆ ಸೂಜಿ ಆ ದಾರಿ ಬಿಡಿಸುವುದಿಲ್ಲ, ಮೊದಲು ಯೂರಾಲಜಿಗೆ ಹೋಗಿ. ಹೊಟ್ಟೆ ಉಬ್ಬಿ ಒಂದು ಹನಿಯೂ ಹೋಗದಿದ್ದರೆ ನೇರ ಎಮರ್ಜೆನ್ಸಿಗೆ. ಉಳಿದವರು ಒಂದೊಂದೇ ಸಿಟ್ಟಿಂಗಿಗೆ ದುಡ್ಡು ಕೊಡಿ. ಕೌಂಟರಿನಲ್ಲಿ ಪ್ಯಾಕೇಜ್ ತಗೊಳ್ಳಿ ಅಂತ ಜಾಸ್ತಿ ಒತ್ತಾಯ ಮಾಡುತ್ತಾರೆ, ಒಪ್ಪಬೇಡಿ.