ಅಕ್ಟೋಬರ್‌ನಲ್ಲಿ ಮಾರಾಟಕ್ಕೆ ಬರುವ ಡ್ರೊಸೆರಾ ಗಿಡ ಕೊಳ್ಳಬೇಡಿ

ಮಳೆ ಹಿಂದೆ ಸರಿಯುವ ಹೊತ್ತಿಗೆ ಗಾರ್ಡನಿಂಗ್ ಗುಂಪುಗಳಲ್ಲಿ ಒಂದು ಫೋಟೋ ಪ್ರತಿ ವರ್ಷ ಓಡಾಡುತ್ತದೆ. ಗೇಣುದ್ದದ ಗಿಡ, ಸಪೂರ ಎಲೆ, ಎಲೆ ತುಂಬ ಕೆಂಪು ರೋಮ, ರೋಮದ ತುದಿಯಲ್ಲಿ ಮಿನುಗುವ ಅಂಟುಹನಿ, ಮೇಲೆ ತಿಳಿಗುಲಾಬಿ ಬಣ್ಣದ ಐದೆಸಳಿನ ಹೂ. ಕೆಳಗೆ ಹೀಗೊಂದು ಸಾಲು: ‘ಸೊಳ್ಳೆ ತಿನ್ನುವ ಅಪರೂಪದ ಪಶ್ಚಿಮ ಘಟ್ಟದ ಗಿಡ. ಬಾಲ್ಕನಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಸ್ಟಾಕ್ ಕಡಿಮೆ.’ ಗಿಡದ ಹೆಸರು ಡ್ರೊಸೆರಾ ಇಂಡಿಕಾ, ಎಲೆಯ ಅಂಟಿನಿಂದ ಸಣ್ಣ ಹುಳ ಹಿಡಿದು ಅದರ ಸಾರ ಹೀರುವ ಗಿಡ. ಫೋಟೋ ಸುಳ್ಳಲ್ಲ, ಗಿಡವೂ ಸುಳ್ಳಲ್ಲ. ಉಳಿದದ್ದರಲ್ಲಿ ಮುಕ್ಕಾಲು ಪಾಲು ಸುಳ್ಳು. ಕಳೆದ ವರ್ಷ ಎರಡು ಕುಂಡಕ್ಕೆ 650 ರೂಪಾಯಿ ಕೊಟ್ಟು ತರಿಸಿಕೊಂಡು ಅನುಭವಿಸಿದವಳಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ತವರು ಬೈಂದೂರು ಕಡೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಾಸುಬಂಡೆಯ ಮೇಲೆ ಈ ಗಿಡ ನೋಡುತ್ತಲೇ ಬೆಳೆದವಳು ನಾನು. ಬೆಂಗಳೂರಿನ ತಾರಸಿಯಲ್ಲಿ ಒಂದಿಷ್ಟು ಬೆಳೆಸಬೇಕು, ಬೀಜ ಹಿಡಿಯಬೇಕು ಎಂಬ ಆಸೆ ಬಹಳ ದಿನದಿಂದ ಇತ್ತು. ಕಾಡಿನಿಂದ ಕಿತ್ತು ತಂದದ್ದು ಬೇಡ ಎಂದು ಮಾರುವವರನ್ನು ಮೊದಲೇ ಕೇಳಿದ್ದೆ. ‘ಇಲ್ಲ ಮೇಡಂ, ಎಲ್ಲ ನಮ್ಮ ಲ್ಯಾಬ್‌ನಲ್ಲೇ ಬೆಳೆಸಿದ್ದು, ನೂರಕ್ಕೆ ನೂರು ಗ್ಯಾರಂಟಿ’ ಎಂದು ಉತ್ತರ ಬಂತು. ಆ ಮೆಸೇಜ್ ಈಗಲೂ ನನ್ನ ಫೋನಿನಲ್ಲಿದೆ.

ಕೊರಿಯರ್ ಡಬ್ಬಿ ಬಿಚ್ಚಿ ಕುಂಡದ ಮಣ್ಣು ಕೆದಕಿದಾಗ ವಿಷಯ ಗೊತ್ತಾಯಿತು. ಮೇಲೊಂದು ಪದರ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಅದರಡಿ ಬೇರಿಗೆ ಕಚ್ಚಿಕೊಂಡ ಕೆಂಪು ಹೆಂಟೆ, ಅದರಲ್ಲಿ ಮುರಕಲ್ಲಿನ ಹರಳು. ಆ ಹೆಂಟೆಯಲ್ಲೇ ದುಂಡು ಬಿಳಿ ತಲೆಯ ಎರಿಯೊಕಾಲಾನ್‌ನ ಒಂದು ಸಣ್ಣ ಬುಡ, ಜೊತೆಗೆ ಒಣಗಿದ ಹುಲ್ಲಿನ ಕಡ್ಡಿ. ಮಳೆಗಾಲದಲ್ಲಿ ಹಾಸುಬಂಡೆಯ ಮೇಲೆ ನಡೆದವರಿಗೆಲ್ಲ ಗೊತ್ತು, ಇವು ಅಲ್ಲಿ ಅಕ್ಕಪಕ್ಕ ಬೆಳೆಯುವ ಗಿಡಗಳು. ಲ್ಯಾಬ್‌ನಲ್ಲಿ ಅಂಗಾಂಶ ಕೃಷಿಯಿಂದ ಬಂದ ಡ್ರೊಸೆರಾಗಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುತ್ತವೆ, ಪೀಟ್ ಎಂಬ ಕೊಳೆತ ಪಾಚಿಯ ಮಣ್ಣಿನಲ್ಲೋ ಹಸಿ ಪಾಚಿಯಲ್ಲೋ ಕೂತಿರುತ್ತವೆ. ಅವುಗಳ ಬೇರಿನಲ್ಲಿ ಕೆಂಪು ಹರಳು ಇರುವುದಕ್ಕೆ ಕಾರಣವೇ ಇಲ್ಲ.

ಇನ್ನೂ ಹೊಟ್ಟೆ ಉರಿಸಿದ್ದು ಹೂಕಡ್ಡಿ. ಈ ಗಿಡದ ಹೂಕಡ್ಡಿ ಬುಡದಿಂದ ತುದಿಯ ಕಡೆಗೆ ಅರಳುತ್ತಾ ಹೋಗುತ್ತದೆ. ನನಗೆ ಬಂದ ಗಿಡಗಳಲ್ಲಿ ಕೆಳಗಿನ ಕಾಯಿಗಳು ಬಲಿತು ಕಂದಾಗಿದ್ದವು, ನಡುವಿನವು ಇನ್ನೂ ಎಳಸು, ತುದಿಯಲ್ಲಿ ಮಾತ್ರ ಮೂರ್ನಾಲ್ಕು ಮೊಗ್ಗು. ಅಂದರೆ ಬೀಜ ಉದುರಿಸಲು ಸಿದ್ಧವಾಗುತ್ತಿದ್ದ ಗಿಡವನ್ನು ಅಷ್ಟರಲ್ಲೇ ಎಬ್ಬಿಸಿದ್ದಾರೆ.

ಇಲ್ಲೇ ಇರುವುದು ಮೋಸದ ಬುಡ. ಡ್ರೊಸೆರಾ ಇಂಡಿಕಾ ಒಂದೇ ವರ್ಷದ ಗಿಡ. ಜೂನ್ ಮಳೆಗೆ ಮೊಳೆತು, ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ನೀರು ಜಿನುಗುವಷ್ಟು ದಿನ ಬೆಳೆದು, ಹೂ ಬಿಟ್ಟು, ಮಣ್ಣು ಒಣಗುತ್ತಿದ್ದಂತೆ ಬೀಜ ಉದುರಿಸಿ ಸಾಯುತ್ತದೆ. ಬೇಸಿಗೆಯ ಕಾದ ಕಲ್ಲಿನ ಮೇಲೆ ಉಳಿಯುವುದು ಬೀಜ ಮಾತ್ರ. ಮುಂದಿನ ವರ್ಷ ಅಲ್ಲಿ ಗಿಡ ಇರಬೇಕಾದರೆ ಈ ವರ್ಷದ ಬೀಜ ಅಲ್ಲೇ ಬೀಳಬೇಕು. ಗಿಡ ಅತ್ಯಂತ ಚೆಂದ ಕಾಣುವುದು, ಫೋಟೋಗೆ ಒದಗುವುದು ಹೂ ಬಿಟ್ಟಾಗ. ಆಗ ಅದರ ಆಯುಸ್ಸು ಮುಗಿಯುತ್ತಾ ಬಂದಿರುತ್ತದೆ. ಅಂಥ ಗಿಡವನ್ನು ‘ವರ್ಷಗಟ್ಟಲೆ ಇರುತ್ತದೆ’ ಎಂದು ಮಾರುತ್ತಾರೆ. ನೀವು ಎಷ್ಟೇ ಮುತುವರ್ಜಿಯಿಂದ ನೋಡಿಕೊಂಡರೂ ಅದು ಉಳಿಯುವುದಿಲ್ಲ. ಮೇಲಾಗಿ ಇದರ ಬೇರು ಬಹಳ ನಾಜೂಕು, ಕಿತ್ತು ನೆಟ್ಟರೆ ಸಹಿಸುವುದೇ ಇಲ್ಲ.

ನಾನು ಹಿಡಿದಿಟ್ಟ ಮಳೆನೀರನ್ನೇ ತಟ್ಟೆಗೆ ಹಾಕಿ ಅದರಲ್ಲಿ ಕುಂಡ ಇಟ್ಟಿದ್ದೆ, ಬೆಳಗಿನ ಬಿಸಿಲು ಬೀಳುವ ಕಡೆ. ಗೊಬ್ಬರ ಸೋಕಿಸಲಿಲ್ಲ. ಮೊದಲು ಎಲೆಯ ಅಂಟುಹನಿಗಳು ಮಾಯವಾದವು. ಡ್ರೊಸೆರಾ ಸೊರಗುತ್ತಿದೆ ಎಂಬುದಕ್ಕೆ ಅದೇ ಮೊದಲ ಗುರುತು. ಆಮೇಲೆ ತುದಿಯಿಂದ ಎಲೆ ಕಪ್ಪಾಗುತ್ತಾ ಬಂದು ದೀಪಾವಳಿಗೆ ಮುಂಚೆಯೇ ಎರಡೂ ಕುಂಡದ ಗಿಡ ಒಣಗಿದವು. ಎಳಸು ಕಾಯಿಗಳು ಬಲಿಯಲೇ ಇಲ್ಲ. ಮಾರಿದವರಿಗೆ ಫೋಟೋ ಕಳಿಸಿದರೆ, ‘ನೀರು ಜಾಸ್ತಿ ಹಾಕಿರ್ತೀರ ಮೇಡಂ, ಇನ್ನೊಂದು ತಗೊಳ್ಳಿ, ಡಿಸ್ಕೌಂಟ್ ಕೊಡ್ತೀವಿ’ ಅಂದರು. ಹಾಸುಬಂಡೆಯ ಮೇಲೆ ಜಿನುಗುವ ನೀರಿನಲ್ಲೇ ಮಳೆಗಾಲ ಪೂರ್ತಿ ನಿಲ್ಲುವ ಗಿಡಕ್ಕೆ ನೀರು ಜಾಸ್ತಿಯಂತೆ! ಬೇರಿನಲ್ಲಿದ್ದ ಮುರಕಲ್ಲಿನ ಫೋಟೋ ಹಾಕಿ ಎಲ್ಲಿಂದ ತಂದಿರಿ ಎಂದು ಕೇಳಿದ ಮೇಲೆ ನನ್ನನ್ನು ಬ್ಲಾಕ್ ಮಾಡಿದರು.

ಗಿಡದ ಜೊತೆ ಕಳಿಸುವ ಸೂಚನೆ ಚೀಟಿಯ ಬಗ್ಗೆಯೂ ಹೇಳಬೇಕು. ವಾರಕ್ಕೊಮ್ಮೆ 19:19:19 ರಾಸಾಯನಿಕ ಗೊಬ್ಬರ ಸಿಂಪಡಿಸಿ, ಯಾವ ನೀರಾದರೂ ನಡೆಯುತ್ತದೆ, ತಿಂಗಳಿಗೊಮ್ಮೆ ಕೋಳಿಮಾಂಸದ ಚೂರು ಇಡಿ ಎಂದು ಅದರಲ್ಲಿದೆ. ಒಂದೊಂದೂ ಗಿಡ ಕೊಲ್ಲುವ ಸಲಹೆ. ಸಾರವಿಲ್ಲದ ಮಣ್ಣಿನಲ್ಲಿ ಸಿಗದ ಸಾರಜನಕಕ್ಕಾಗಿಯೇ ಈ ಗಿಡ ಹುಳ ಹಿಡಿಯುವುದನ್ನು ರೂಢಿಸಿಕೊಂಡಿರುವುದು. ಬೇರಿಗೆ ರಾಸಾಯನಿಕ ಗೊಬ್ಬರ ಬಿದ್ದರೆ ಸುಟ್ಟುಹೋಗುತ್ತದೆ. ಬೋರ್‌ವೆಲ್‌ನ ಗಡಸು ನೀರಿನ ಲವಣಗಳೂ ಅದಕ್ಕೆ ವಿಷವೇ. ಮಾಂಸದ ಚೂರು ಇಟ್ಟರೆ ಎಲೆ ಕೊಳೆಯುತ್ತದೆ. ಸೊಳ್ಳೆಯ ಮಾತಂತೂ ಶುದ್ಧ ಬುರುಡೆ. ಅಂಟಿಗೆ ಸಿಗುವುದು ಸಣ್ಣ ನೊಣ, ನುಸಿ, ಇರುವೆ. ಎಲ್ಲೋ ಒಂದು ಸೊಳ್ಳೆ ಸಿಕ್ಕರೂ ಮನೆಯ ಸೊಳ್ಳೆ ಕಾಟಕ್ಕೆ ಇದರಿಂದ ಏನೂ ಆಗದು.

650 ರೂಪಾಯಿ ಹೋದದ್ದಕ್ಕಿಂತ ನನಗೆ ಸಂಕಟವಾಗಿರುವುದು ಆ ಹಾಸುಬಂಡೆಗಳ ಬಗ್ಗೆ. ಉಡುಪಿ, ಬೈಂದೂರು, ಭಟ್ಕಳದ ಕಡೆಯ ಮುರಕಲ್ಲಿನ ಬಯಲುಗಳನ್ನು ಕಾಗದದಲ್ಲಿ ಬಂಜರು ಎಂದು ಬರೆದು ಕೈತೊಳೆದುಕೊಳ್ಳುವುದೇ ಹೆಚ್ಚು. ಒಂದು ಕಡೆ ಕಲ್ಲುಕೋರೆ, ಇನ್ನೊಂದು ಕಡೆ ಅಕೇಶಿಯಾ ನೆಡುತೋಪು, ಮತ್ತೊಂದು ಕಡೆ ಲೇಔಟು. ಇವುಗಳ ನಡುವೆ ಉಳಿದ ತುಂಡುಗಳಲ್ಲಿ ಡ್ರೊಸೆರಾ, ನೇರಳೆ ಹೂವಿನ ಯುಟ್ರಿಕುಲೇರಿಯಾ, ಎರಿಯೊಕಾಲಾನ್ ಇನ್ನೂ ಬರುತ್ತಿವೆ. ಅಂಥ ಒಂದು ತುಂಡಿಗೆ ಯಾರಾದರೂ ಕರಣೆ ಹಿಡಿದು ಬೀಜ ಬೀಳುವ ಮುಂಚೆ ಬಂದು, ಒಂದು ಬೆಳಗ್ಗೆ ಚೀಲ ತುಂಬಿಕೊಂಡು ಹೋದರೆ ಅಲ್ಲಿನ ಮುಂದಿನ ಮಳೆಗಾಲಕ್ಕೇ ಪೆಟ್ಟು ಬೀಳುತ್ತದೆ. ಗೆಡ್ಡೆಯೋ ಬಿಳಲೋ ಇರುವ ಗಿಡವಾದರೆ ಕಿತ್ತ ಮೇಲೂ ಚಿಗುರೀತು ಎನ್ನಬಹುದಿತ್ತು, ಇದಕ್ಕೆ ಅದೂ ಇಲ್ಲ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಎತ್ತುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಇಂಥ ಬಯಲುಗಳಲ್ಲಿ ಎಷ್ಟೋ ಅರಣ್ಯದ ಗಡಿಯ ಹೊರಗಿವೆ, ಅಲ್ಲಿ ಕೇಳುವವರಿಲ್ಲ.

ಗಿಡ ಬೇಡ, ಬೀಜ ತರಿಸೋಣ ಎನ್ನುವವರಿಗೂ ಒಂದು ಮಾತು. ಧಾರವಾಡದ ನಮ್ಮ ಚಿಕ್ಕಮ್ಮ ‘ಕಾಸ್ ಬಯಲಿನ ಅಪರೂಪದ ಹೂವುಗಳು’ ಎಂಬ ಪೊಟ್ಟಣ ತರಿಸಿದ್ದರು. ಒಳಗಿದ್ದದ್ದು ಉದ್ದನೆಯ, ಚೂಪು ತುದಿಯ ಕಪ್ಪು ಬೀಜ. ಬಂದದ್ದು ಕಿತ್ತಳೆ ಬಣ್ಣದ ಕಾಸ್ಮಾಸ್! ಅದು ಮೆಕ್ಸಿಕೊ ಕಡೆಯ ಗಿಡ, ಬೇಲಿ ದಾಟಿತೆಂದರೆ ರಸ್ತೆ ಬದಿಯೆಲ್ಲ ಹಬ್ಬುತ್ತದೆ. ಚಿಕ್ಕಮ್ಮ ಎಲ್ಲವನ್ನೂ ಹೂ ಬಿಡುವ ಹೊತ್ತಿಗೇ ಕಿತ್ತು ಹಾಕಿದರು. ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿ 2012ರಿಂದ ಪಶ್ಚಿಮ ಘಟ್ಟದ ವಿಶ್ವ ಪರಂಪರೆಯ ತಾಣದ ಭಾಗ. ಪೊಟ್ಟಣದ ಮೇಲೆ ಬರೆದದ್ದು ನಿಜವಾಗಿದ್ದರೆ ಕಳ್ಳತನದ ಮಾಲು, ಸುಳ್ಳಾಗಿದ್ದರೆ ಮೋಸ. ಡ್ರೊಸೆರಾ ಬೀಜ ಧೂಳಿನಷ್ಟು ಸಣ್ಣ, ಕಪ್ಪು. ರಾಗಿ ಕಾಳಿನಷ್ಟು ದಪ್ಪವಿದ್ದರೂ ಅದು ಡ್ರೊಸೆರಾ ಅಲ್ಲ.

ನಿಜವಾಗಿ ಬೆಳೆಸಲೇಬೇಕು ಎಂದಿದ್ದರೆ, ತಮ್ಮ ಮನೆಯಲ್ಲೇ ಕೆಲವು ವರ್ಷಗಳಿಂದ ಬೀಜದಿಂದ ಬೀಜಕ್ಕೆ ಬೆಳೆಸಿಕೊಂಡು ಬಂದವರನ್ನು ಹುಡುಕಿ ಅವರಿಂದ ಬೀಜ ಪಡೆಯಿರಿ. ಮೊಳಕೆ ಹಂತದ ಫೋಟೋ ಕೇಳಿ. ಜೂನ್–ಜುಲೈ ತಿಂಗಳ ಸಣ್ಣ ಸಸಿಗಳ ಚಿತ್ರ ತೋರಿಸಲಾಗದೆ ಬರೀ ಹೂವಿನ ಫೋಟೋ ಕಳಿಸುವವರ ಬಳಿ ವ್ಯವಹಾರ ಬೇಡ. ಬೀಜವನ್ನು ಪೀಟ್ ಮತ್ತು ಚೆನ್ನಾಗಿ ತೊಳೆದ ಬಿಳಿ ಮರಳಿನ ಮಿಶ್ರಣದ ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ, ಅದಕ್ಕೆ ಬೆಳಕು ಬೇಕು. ಬೆಳೆಯಬೇಕೆಂದಿರುವ ಕುಂಡದಲ್ಲೇ ಬಿತ್ತಿ, ಆಮೇಲೆ ಕಿತ್ತು ನೆಡಬೇಡಿ. ಮಳೆನೀರು ಅಥವಾ ಆರ್‌ಒ ನೀರು, ಅದನ್ನೂ ತಟ್ಟೆಯಿಂದಲೇ ಕೊಡಿ. ಒಳ್ಳೆ ಬಿಸಿಲು ಬೇಕು. ಕಾಯಿ ಕಂದಾದಾಗ ಕಾಗದದ ಲಕೋಟೆಯಲ್ಲಿ ಬೀಜ ಹಿಡಿದಿಡಿ, ಗಿಡ ಸತ್ತರೆ ಬೇಸರ ಪಡಬೇಡಿ. ಇಷ್ಟು ಆಗದು ಎನ್ನುವವರು ಕರ್ಣಕುಂಡಲ ಹಾಕಿ. ಅದೂ ನಮ್ಮ ನೆಲದ್ದೇ, ಒಂದು ಮಳೆಗಾಲದ ಗಿಡವೇ, ಮುಟ್ಟಿದರೆ ಸಿಡಿಯುವ ಕಾಯಿಯಿಂದ ಮುಂದಿನ ವರ್ಷಕ್ಕೆ ಬೇಕಾದಷ್ಟು ಬೀಜ ಸಿಗುತ್ತದೆ. ಅದಕ್ಕಾಗಿ ಯಾರೂ ಬಂಡೆ ಕೆರೆಯಬೇಕಾಗಿಲ್ಲ.

ಈಗಾಗಲೇ ಆರ್ಡರ್ ಮಾಡಿದ್ದರೆ ಡಬ್ಬಿ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ, ಬೇರಿನ ಮಣ್ಣಿನ ಫೋಟೋ ತೆಗೆಯಿರಿ, ಚಾಟ್ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ನಾನು ದಾಖಲಿಸಿದ್ದೇನೆ, ಹಣ ಇನ್ನೂ ಬಂದಿಲ್ಲ. ಮಾರಿದವರು ಬೇರೆ ಹೆಸರಿನಲ್ಲಿ ಹೊಸ ಪುಟ ತೆರೆದು, ಅದೇ ಫೋಟೋ ಹಾಕಿ ಈ ವರ್ಷದ ಬುಕಿಂಗ್ ಶುರು ಮಾಡಿದ್ದಾರೆ.