ಕಾಗದ ನೂರು ವರ್ಷದ್ದು, ಶಾಯಿ ಮೊನ್ನೆಯದು: ಹಳೇ ಕೋಳಿ ಪಟ ಕೊಳ್ಳುವವರಿಗೆ

ಲಡ್ಲೋ ಬರೆದ ಕೋಳಿ ತಳಿಗಳ ಪಟ, 1870ರ ದಶಕದ ಅಸಲಿ ಬಣ್ಣದ ಕಲ್ಲಚ್ಚು (ಲಿಥೋಗ್ರಾಫ್), ಆರರ ಸೆಟ್ ಎಂಬ ಜಾಹೀರಾತು ನಂಬಿ ಇಂಗ್ಲೆಂಡಿನಿಂದ ತರಿಸಿದ ಕಟ್ಟು ಬಿಚ್ಚಿದಾಗ ಒಳಗಿದ್ದದ್ದು ಇಷ್ಟು: ಇಂಕ್‌ಜೆಟ್ ಪ್ರಿಂಟ್ ಮೂರು, ಪತ್ರಿಕೆಯಿಂದ ಹರಿದ ಹಾಳೆ ಒಂದು, ಈಚೆಗೆ ಬಣ್ಣ ಬಳಿದ ಕಪ್ಪು-ಬಿಳುಪು ಚಿತ್ರ ಒಂದು. ಉಳಿದ ಒಂದು ಮಾತ್ರ ಅಸಲಿ, ಅದನ್ನೂ ಅಂಚು ಕತ್ತರಿಸಿ ರಟ್ಟಿಗೆ ಅಂಟಿಸಿದ್ದರು. ಮಾರಿದವರ ಹೆಸರು ಇಲ್ಲಿ ಬೇಡ. ಈ ಆಟ ಆಡುವವರು ಒಬ್ಬರೇ ಅಲ್ಲ.

ಲೂಯಿಸ್ ರೈಟ್ ಅವರ ಕೋಳಿ ಗ್ರಂಥವನ್ನು 1870ರ ದಶಕದಲ್ಲಿ ಲಂಡನ್ನಿನ ಕ್ಯಾಸೆಲ್ ಸಂಸ್ಥೆ ಪ್ರಕಟಿಸಿತು. ಅದರಲ್ಲಿ ಜೆ. ಡಬ್ಲ್ಯು. ಲಡ್ಲೋ ಬರೆದ 50 ಬಣ್ಣದ ಚಿತ್ರಗಳಿದ್ದವು. ಈಗ ಬಿಡಿಬಿಡಿಯಾಗಿ ಮಾರಾಟಕ್ಕೆ ಬರುವುದು ಆ ಪುಸ್ತಕದಿಂದ ಬಿಚ್ಚಿದ ಹಾಳೆಗಳೇ. ಅದಕ್ಕೂ ಮೊದಲಿನವು 1867ರ ಟೆಗೆಟ್‌ಮಯರ್ ಅವರ ಕೋಳಿ ಪುಸ್ತಕದ ಪಟಗಳು. ಅವನ್ನು ಬರೆದವರು ಹ್ಯಾರಿಸನ್ ವಿಯರ್, ಅಚ್ಚು ಹಾಕಿದವರು ಲೇಟನ್ ಬ್ರದರ್ಸ್. ಎರಡೂ ಪುಸ್ತಕಗಳ ಒಳ್ಳೆಯ ಸ್ಕ್ಯಾನುಗಳು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ನಕಲು ಹುಟ್ಟುವುದೂ ಅಲ್ಲಿಂದಲೇ.

ಈ ಕಟ್ಟಿನಲ್ಲಿ ಕೈಕೊಟ್ಟದ್ದು ಕಾಗದದ ಪರೀಕ್ಷೆ. 365 ನ್ಯಾನೋಮೀಟರ್ ಅತಿನೇರಳೆ ಟಾರ್ಚ್ ಹಾಯಿಸಿದರೆ 1950ರ ಈಚಿನ ಬಹಳಷ್ಟು ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ, ಏಕೆಂದರೆ ಅದಕ್ಕೆ ಬಿಳುಪಿನ ರಾಸಾಯನಿಕ ಬೆರೆಸಿರುತ್ತಾರೆ. ಇಲ್ಲಿ ಒಂದೂ ಹೊಳೆಯಲಿಲ್ಲ. ಕಾಗದ ನಿಜವಾಗಿಯೂ ಹಳೆಯದೇ: ಯಾವುದೋ ಹಳೇ ಪುಸ್ತಕದ ಖಾಲಿ ಹಾಳೆ ಕಿತ್ತು ಅದರ ಮೇಲೆ ಪ್ರಿಂಟ್ ಹೊಡೆದಿದ್ದಾರೆ. ಹೊಳೆದರೆ ನಕಲು ಎನ್ನಬಹುದು, ಹೊಳೆಯದಿದ್ದರೆ ಅಸಲಿ ಎನ್ನುವಂತಿಲ್ಲ. ಹಳದಿ ಬಣ್ಣ, ಹಳೇ ವಾಸನೆ, ಸುಕ್ಕು ಇವು ಯಾವುವೂ ಲೆಕ್ಕಕ್ಕಿಲ್ಲ. ನೋಡಬೇಕಾದದ್ದು ಶಾಯಿಯನ್ನು.

ಅದಕ್ಕೆ ಒಡವೆ ಅಂಗಡಿಯವರು ಇಟ್ಟುಕೊಳ್ಳುವ 10 ಪಟ್ಟಿನ ಭೂತಗನ್ನಡಿ ಸಾಕು, 30 ಪಟ್ಟಿನದಾದರೆ ಇನ್ನೂ ವಾಸಿ. ಬಣ್ಣದ ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ನೆರಳು ಬೇಕಾದ ಕಡೆ ಕುಶಲಕರ್ಮಿ ಕಲ್ಲಿನ ಮೇಲೆ ಕೈಯಿಂದಲೇ ಚುಕ್ಕೆ ಇಟ್ಟಿರುತ್ತಾನೆ. ಹಾಗಾಗಿ ಚುಕ್ಕೆಗಳು ಒಂದು ದಪ್ಪ, ಒಂದು ಸಣ್ಣ. ಸಾಲು ಹಿಡಿದು ನಿಂತಿರುವುದಿಲ್ಲ. ಬೂದು ಬೇಕೆಂದರೆ ಹೆಚ್ಚಾಗಿ ಬೂದು ಶಾಯಿಯೇ, ಕಂದು ಬೇಕೆಂದರೆ ಕಂದೇ ಇರುತ್ತದೆ. ಹುಂಜದ ಜುಟ್ಟಿನ ಅಂಚು ನೋಡಿ: ಕೆಂಪಿನ ಕಲ್ಲು ಕೂದಲೆಳೆಯಷ್ಟು ಸರಿದು ಕೆಳಗಿನ ಬಣ್ಣ ಇಣುಕುತ್ತಿರುವುದು ಎಷ್ಟೋ ಸಲ ಕಾಣುತ್ತದೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ದಟ್ಟ ಬಣ್ಣ ಕಾಗದದ ಮೇಲೆ ಪದರವಾಗಿ ಕೂತು ಸ್ವಲ್ಪ ಮಿರುಗುತ್ತದೆ. ಕಣ್ಣು ಪಳಗಬೇಕಾದರೆ ಮನೆಯಲ್ಲಿ ಹಳೇ ರವಿವರ್ಮ ಪಟವಿದ್ದರೆ ಅದನ್ನೇ ನೋಡಿ, ಅದೂ ಕಲ್ಲಚ್ಚೇ. (ಅದಕ್ಕೂ ನಕಲುಗಳಿವೆ ಅನ್ನುವುದು ಬೇರೆ ಮಾತು.) ಲೇಟನ್ ಪಟಗಳದ್ದು ಮರದಚ್ಚು. ಅಲ್ಲಿ ಕಾಣುವುದು ಕೊರೆದ ಗೆರೆ, ಗೆರೆಯ ಅಂಚಿಗೆ ಒತ್ತಿಕೊಂಡು ಬಂದ ಶಾಯಿ.

ಇಂಕ್‌ಜೆಟ್‌ನಲ್ಲಿ ನೀಲಿ, ಗುಲಾಬಿ, ಹಳದಿ, ಕಪ್ಪು ಹನಿಗಳು ಸಿಂಪಡಿಸಿದಂತೆ ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಹಳೇ ಕಾಗದಕ್ಕೆ ಇಂಕ್‌ಜೆಟ್ ಲೇಪನ ಇರದ ಕಾರಣ ಶಾಯಿ ನಾರಿನ ಗುಂಟ ಹರಡಿ ಅಂಚು ಕಲಸುತ್ತದೆ, ಕಪ್ಪು ಮಂಕಾಗುತ್ತದೆ. ಈ ಕಟ್ಟಿನಲ್ಲಿದ್ದ ಡಾರ್ಕ್ ಬ್ರಹ್ಮ ಎಂಬ ಕೋಳಿ ತಳಿಯ ಪಟ ಸಿಕ್ಕಿಬಿದ್ದದ್ದು ಇಲ್ಲಿಯೇ. ಆ ತಳಿಯ ಹೇಟೆಯ ಒಂದೊಂದು ಗರಿಯಲ್ಲೂ ಒಂದರೊಳಗೊಂದು ಸಣ್ಣ ಗೆರೆಗಳಿರಬೇಕು. ಇದರಲ್ಲಿ ಅವೆಲ್ಲ ಬೂದಿ ಬಳಿದಂತೆ ಒಂದಾಗಿದ್ದವು. ಸ್ಕ್ಯಾನಿನಲ್ಲಿದ್ದ ಹಾಳೆಯ ಹಳದಿಯೂ ಪ್ರಿಂಟ್ ಆಗಿ, ಖಾಲಿ ಅಂಚಿನ ತುಂಬ ಹಳದಿ ಹನಿಗಳು. ಕಂದು ಕಲೆಗಳು ಮುಂಬದಿಯಲ್ಲಿದ್ದವು, ಹಿಂಬದಿಯಲ್ಲಿ ಅವುಗಳ ಸುಳಿವೇ ಇಲ್ಲ. ಚಿತ್ರದ ಕೆಳಗಿನ ಅಕ್ಷರಗಳನ್ನಂತೂ ತಪ್ಪದೆ ನೋಡಿ. ಅಸಲಿಯಲ್ಲಿ ಅಕ್ಷರ ಒಂದೇ ಶಾಯಿಯಲ್ಲಿ ತುಂಬಿಕೊಂಡಿರುತ್ತದೆ, ನಕಲಿನಲ್ಲಿ ನಾಲ್ಕು ಬಣ್ಣದ ಹನಿ ಸೇರಿ ಅಕ್ಷರವಾಗಿರುತ್ತದೆ.

ಬ್ರಹ್ಮ ಎಂಬ ಹೆಸರು ಬ್ರಹ್ಮಪುತ್ರದಿಂದ ಬಂದದ್ದು ನಿಜ, ತಳಿ ರೂಪುಗೊಂಡದ್ದು ಮಾತ್ರ ಅಮೆರಿಕದಲ್ಲಿ. ಹೆಸರು ತೋರಿಸಿ ಭಾರತದ ಪುರಾತನ ಚಿತ್ರ ಎಂದು ಬೆಲೆ ಏರಿಸಿದರೆ ಒಪ್ಪಬೇಡಿ.

ಚುಕ್ಕೆ ಸಾಲುಗಟ್ಟಿ ನಿಂತಿದ್ದ ಮಾತ್ರಕ್ಕೆ ನಕಲು ಎಂದೂ ತೀರ್ಮಾನಿಸಬಾರದು. 1890ರ ದಶಕದ ನಂತರ ಜಾಲರಿಯಂತೆ ಸಾಲುಗಟ್ಟಿದ ಚುಕ್ಕೆಗಳ (ಹಾಫ್‌ಟೋನ್) ಬಣ್ಣದ ಮುದ್ರಣ ಬಳಕೆಗೆ ಬಂತು; 20ನೇ ಶತಮಾನದ ಮೊದಲ ಭಾಗದ ಕೋಳಿ ಪತ್ರಿಕೆಗಳ ಪಟಗಳಲ್ಲಿ ಅದೇ ಇರುತ್ತದೆ. ಮೋಸ ಇರುವುದು 1870ರದ್ದು ಎಂದು ಮಾರಿದ ಹಾಳೆಯಲ್ಲಿ ಜಾಲರಿ ಕಂಡಾಗ. ಈ ಕಟ್ಟಿನ ನಾಲ್ಕನೆಯದು 1927ರ ಏಪ್ರಿಲ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆಯದು, ಮುರಯಾಮ ಎಂಬ ಚಿತ್ರಕಾರ ಬರೆದ ಚಿತ್ರ. ಚಿತ್ರವೇನೋ ಸೊಗಸಾಗಿದೆ, ಆದರೆ ವಿರಳವೇನಲ್ಲ. ಒಂದು ಹಾಳೆಗೆ ಕೊಡುವ ದುಡ್ಡಿಗೆ ಇಡೀ ಸಂಚಿಕೆ ಸಿಕ್ಕೀತು.

ಬಣ್ಣ ಬಳಿದದ್ದನ್ನು ಹಿಡಿಯುವುದು ಸುಲಭ. ಗೆರೆ ಕಪ್ಪು ಅಚ್ಚಿನದು, ಜಲವರ್ಣ ಗೆರೆ ದಾಟಿ ಹೋಗಿದೆ, ಕುಂಚ ನಿಂತ ಕಡೆ ಬಣ್ಣ ಮಡುಗಟ್ಟಿದೆ. ಹಿಂಬದಿಯಲ್ಲಿ ಪುಸ್ತಕದ ಬರಹ ಅಚ್ಚಾಗಿತ್ತು.

ಅಂಟಿಸಿದ ಅಸಲಿಯನ್ನು ಬಿಡಿಸಲು ಹೋಗಬೇಡಿ. ಬಿಸಿ ಒತ್ತಿ ಕೂರಿಸುವ ಅಂಟು ನೀರಿಗೆ ಜಗ್ಗುವುದಿಲ್ಲ, ಎಳೆದರೆ ಹಾಳೆಯ ಮೈ ಸೀಳುತ್ತದೆ. ಅಂಚಿನ ಜೊತೆ ಕೋಳಿಯ ಒಡೆಯನ ಹೆಸರು, ಗೆದ್ದ ಬಹುಮಾನದ ವಿವರವಿದ್ದ ಅಡಿಬರಹವೂ ಕತ್ತರಿಗೆ ಹೋಗಿದ್ದರೆ ಬೆಲೆ ಅಲ್ಲಿಗೇ ಬಿತ್ತು. ಅನುಮಾನ ಬರುವಷ್ಟು ಬಿಳಿಯಾಗಿ ಕಾಣುವ ಹಾಳೆಯನ್ನೂ ಬಿಡಿ. ಬ್ಲೀಚ್ ಮಾಡಿ ಸರಿಯಾಗಿ ತೊಳೆಯದ ಕಾಗದ ಕೆಲವು ವರ್ಷಗಳಲ್ಲಿ ಹಪ್ಪಳದಂತೆ ಮುರಿಯುತ್ತದೆ.

ದುಡ್ಡು ಕಳಿಸುವ ಮೊದಲು ನಾಲ್ಕು ಫೋಟೋ ಕೇಳಿ: ಚೌಕಟ್ಟಿನಿಂದ ಹೊರಗಿಟ್ಟ ಪೂರ್ತಿ ಹಾಳೆ, ಅದರ ಹಿಂಬದಿ, ಜುಟ್ಟಿನ ಹತ್ತಿರದ್ದು, ಅಡಿಬರಹದ ಹತ್ತಿರದ್ದು. ಕೊನೆಯ ಎರಡನ್ನು ಫೋನಿನ ಕ್ಯಾಮೆರಾಕ್ಕೆ ಭೂತಗನ್ನಡಿ ಹಿಡಿದು ತೆಗೆಯಬೇಕು. 1873ರ ಪಟವೇ ಎಂದು ಕೇಳಬೇಡಿ, ಚಿತ್ರ 1873ರದ್ದು ಎಂದು ಆಮೇಲೆ ಜಾರಿಕೊಳ್ಳುತ್ತಾರೆ. ಈ ಹಾಳೆ ಅಚ್ಚಾದದ್ದು ಯಾವ ವರ್ಷ, ಯಾವ ವಿಧಾನದಲ್ಲಿ ಎಂದು ಕೇಳಿ ಉತ್ತರವನ್ನು ಬರಹದಲ್ಲೇ ಪಡೆಯಿರಿ. ಕೊಳವೆಯಲ್ಲಿ ಸುತ್ತಿ ಕಳಿಸುತ್ತೇವೆ ಎಂದರೆ ಬೇಡವೆನ್ನಿ, ಹಳೇ ಹಾಳೆ ಬಿರಿಯುತ್ತದೆ. ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿಯೇ ಬರಲಿ. ಕಟ್ಟು ಬಿಚ್ಚುವಾಗ ವಿಡಿಯೋ ತೆಗೆಯಿರಿ, ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಆರಕ್ಕೆ ಆರೂ ಹಾಳೆ ಭೂತಗನ್ನಡಿಯಡಿ ಹಾಯಲಿ. ಈ ಕಟ್ಟಿನ ಅಸಲಿ ಹಾಳೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು.